ಸಮುದ್ರಕ್ಕೆ ತುಂಬುತೋಳು

ಲಿನನ್ನಿನದು ಇದೇ ತಾಪತ್ರಯ, ಇಸ್ತ್ರಿಪೆಟ್ಟಿಗೆ ಇನ್ನೂ ಆರಿಲ್ಲ, ಆಗಲೇ ಮೊಣಕೈ ಹತ್ತಿರ ಸುಕ್ಕು, ನರೇಂದ್ರ ಅಂಗಿಯನ್ನು ಮತ್ತೆ ಮಂಚದ ಮೇಲೆ ಹಾಸಿ ಅಂಗೈಯಿಂದ ತೋಳು ತೀಡಿದ, ಉದ್ದ ತೋಳು, ಮಣಿಕಟ್ಟು ದಾಟಿ ಹೆಬ್ಬೆರಳ ಬುಡ ಮುಟ್ಟುವಷ್ಟು ಉದ್ದ, ಹಿಂದೂಪುರದ ಯಾವ ರೆಡಿಮೇಡ್ ಅಂಗಡಿಯಲ್ಲೂ ಇಂಥ ತೋಳು ಸಿಗುವುದಿಲ್ಲ, ಇದಕ್ಕೆ ಟೈಲರ್ ವೆಂಕಟರಾಯಪ್ಪನೇ ಆಗಬೇಕು, ಯಾಕೆ ಏನು ಅಂತ ಕೇಳದೆ ಕಫ್ಫಿಗೆ ಎರಡು ಗುಂಡಿ ಇಟ್ಟು ಬಿಗಿಯಾಗಿ ಹೊಲಿದುಕೊಡುವ ಪುಣ್ಯಾತ್ಮ — ಕೆನೆಬಣ್ಣದ್ದು ಒಂದು, ತಿಳಿನೀಲಿ ಒಂದು, ಪಿಸ್ತಾ ಹಸಿರು ಬೇಕೋ ಬೇಡವೋ, ಇರಲಿ, ಕಂದು ಲೋಫರ್, ಹುಲ್ಲಿನ ಹ್ಯಾಟು, ಕಪ್ಪು ಕನ್ನಡಕ, ಇಷ್ಟೆಲ್ಲ ಎಲ್ಲಿಗೆ ಅಂದರೆ ಕುಮಟಾ ಕಡೆ ಬೆಸ್ತರ ನಾಲ್ಕು ಮನೆಯಿರುವ ಒಂದು ಕಡಲದಂಡೆಗೆ, ತೆಂಗಿನ ಗರಿಯ ಗುಡಿಸಲು, ಮರಳೇ ನೆಲ, ಬಾವಿಯಿಂದ ಸೇದಿಕೊಂಡು ಮೀಯಬೇಕು, ಗುಡಿಸಲನ್ನು ಬುಕ್ ಮಾಡಿದವಳು ಚಿಲಮತ್ತೂರಿಗೆ ಮದುವೆಯಾಗಿ ಹೋಗಿರುವ ಮಗಳು ಅನಿತಾ, ನಿಮ್ಮಿಬ್ಬರ ಮದುವೆಯ ಬೆಳ್ಳಿಹಬ್ಬಕ್ಕೆ ನನ್ನ ಉಡುಗೊರೆ ಅಂದಳು, ಫೋನಿನಲ್ಲೇ ನಕ್ಕಳು, ಅಪ್ಪಾ, ಅಲ್ಲಿಗೆ ಎರಡು ಬನೀನು ಎರಡು ಚಡ್ಡಿ ಇದ್ರೆ ಸಾಕು ಕಣಪ್ಪ, ಕಫ್‌ಲಿಂಕ್ಸ್ ಗಿಫ್‌ಲಿಂಕ್ಸ್ ಎತ್ಕೊಂಡು ಹೋಗ್ಬೇಡ. ಅವನು ಕಫ್‌ಲಿಂಕ್ಸನ್ನು ಆಗಲೇ ಕಾಲುಚೀಲದೊಳಗೆ ಸುತ್ತಿಟ್ಟಿದ್ದ.

ಊರೆಲ್ಲ ಅವನಿಗಿಟ್ಟ ಹೆಸರು ಶೋಕಿ ನರೇಂದ್ರ, ಏಪ್ರಿಲ್ ತಿಂಗಳ ಬಿಸಿಲಿಗೆ ರಸ್ತೆಯ ಡಾಂಬರೇ ಚಪ್ಪಲಿಗೆ ಅಂಟಿಕೊಳ್ಳುವಾಗ ತನ್ನ ಫೋಟೋ ಸ್ಟುಡಿಯೋ ಬಾಗಿಲಲ್ಲಿ ಗರಿಗರಿ ಇಸ್ತ್ರಿಯ ತುಂಬುತೋಳು ತೊಟ್ಟು ನಿಂತವನನ್ನು ಮತ್ತೇನೆಂದು ಕರೆದಾರು, ಎಂಡಲ್ಲೋ ಕೂಡಾ ಫುಲ್ ಹ್ಯಾಂಡ್ಸಾ ಅನ್ನಾ ಅಂತ ಕೇಳುತ್ತಾರೆ, ಬಿಸಿಲಲ್ಲೂ ತುಂಬುತೋಳೇನಣ್ಣ ಅಂತ, ಅವನು ಕಾಲರ್ ಸರಿಮಾಡಿಕೊಂಡು ನಗುತ್ತಾನೆ, ಮದುವೆಮನೆಗಳಲ್ಲಿ ಕ್ಯಾಮೆರಾ ಹಿಡಿದು ನಿಂತರೆ ಗಂಡೇ ಪೇಲವ, ಗೋರಂಟ್ಲದ ಒಂದು ಮದುವೆಯಲ್ಲಿ ಅಜ್ಜಿಯೊಂದು ಇವನನ್ನೇ ಅಳಿಯ ಅಂದುಕೊಂಡು ಕಾಲಿಗೆ ನೀರು ಹಾಕಲು ಬಂದಿತ್ತಲ್ಲ, ಎಲ್ಲ ಸರಿ, ಆದರೆ ಕ್ಯಾಮೆರಾ ಎತ್ತಿದಾಗ ತೋಳು ಜಾರಬಾರದು, ಅದಕ್ಕೇ ಎರಡು ಗುಂಡಿ, ಅದಕ್ಕೇ ಹೆಬ್ಬೆರಳ ತನಕ ಬಟ್ಟೆ, ಶೋಕಿಯೆಂದು ಊರು ಹೊಗಳುವುದರ ಕೆಳಗೆ ಎರಡೂ ಕೈಗಳಲ್ಲಿ ಮಣಿಕಟ್ಟಿನಿಂದ ಮೊಣಕೈವರೆಗೆ ಬಿಳುಪು, ಕನ್ನಡದಲ್ಲಿ ತೊನ್ನು, ತೆಲುಗಿನಲ್ಲಿ ಬೊಲ್ಲಿ, ಅನಂತಪುರದ ಡಾಕ್ಟರು ಇನ್ನೂ ಉದ್ದದ ಹೆಸರು ಹೇಳಿದರು, ಮುಟ್ಟಿದರೆ ಹತ್ತುವ ಕಾಯಿಲೆಯಲ್ಲ ಕಣ್ರೀ ಅಂತಲೂ ಹೇಳಿದರು, ಹೇಳಿ ತಾವೇ ಅವನ ಕೈ ಹಿಡಿದು ತೋರಿಸಿದರು, ಅವನಿಗೂ ಗೊತ್ತು, ಗೊತ್ತಿದ್ದೂ ಅವರು ಕೈ ಬಿಟ್ಟ ತಕ್ಷಣ ಮೇಜಿನ ಮೇಲೆ ಸೋಪಿದೆಯೋ ಅಂತ ಕಣ್ಣು ಹುಡುಕಿತು.

ಬ್ಯಾಗಿನ ತಳದಲ್ಲಿ ಕೈಗೆ ಏನೋ ನುಣುಪಾದದ್ದು ಸಿಕ್ಕಿತು, ಮತ್ತೆ ಇದು, ಬೆಳಗ್ಗೆಯಿಂದ ಎರಡು ಸಲ ತೆಗೆದು ಬೀರುವಿನಲ್ಲಿಟ್ಟದ್ದು ಮತ್ತೆ ಬಂದು ಮಲಗಿದೆ, ಶ್ರೀಲತಾ ಕದ್ದು ಇಟ್ಟಿದ್ದಾಳೆ, ಹೆಂಡತಿಯ ಹಟ ಇವನಿಗೆ ಹೊಸದಲ್ಲ, ಹಸಿರು ಗಿಳಿಗಳ ಚಿತ್ತಾರದ ಹಳದಿ ಅಂಗಿ, ಅರ್ಧತೋಳು, ಇದನ್ನು ತೊಟ್ಟರೆ ಕೈ ಎಲ್ಲಿಡುವುದು, ಜೇಬಿನಲ್ಲಿ ಮೊಣಕೈವರೆಗೆ ಹುಗಿಯಲಾಗುತ್ತದೆಯೇ, ಅಲ್ಲ, ಕೊಳ್ಳುವಾಗ ಬೇರೆ ಬಣ್ಣವೇ ಸಿಗಲಿಲ್ಲವೇ ಇವಳಿಗೆ, ಇದು ನಿಂಬೆಯ ಹಳದಿಯಲ್ಲ, ಚೆಂಡುಹೂವಿನದೂ ಅಲ್ಲ, ಇದು ಎಣ್ಣೆ ಬಿಟ್ಟು ಕಲಸಿದ ಅರಿಶಿನ, ಹಿತ್ತಾಳೆ ಬಟ್ಟಲಿನದು, ನುಗ್ಗೆಮರದ ಬುಡದ್ದು — ಬೇಡ, ಈಗ ಅದು ಬೇಡ, ಬಸ್ಸಿಗೆ ಹೊತ್ತಾಗುತ್ತದೆ, ಕನ್ನಡಕದ ಡಬ್ಬಿ ಎಲ್ಲಿ, ಆದರೆ ಬೇಡವೆಂದರೆ ಬಿಡುವುದೇ, ಕಲ್ಯಾಣದುರ್ಗದ ಮನೆಯಂಗಳ, ತನ್ನ ಮದುವೆಯ ಚಪ್ಪರದ ಕೆಳಗೆ ಮಣೆಯ ಮೇಲೆ ಅವನು, ಸುತ್ತ ಮುತ್ತೈದೆಯರು, ಒಬ್ಬೊಬ್ಬರಾಗಿ ಪಾದಕ್ಕೆ ಕೆನ್ನೆಗೆ ಅರಿಶಿನ ಹಚ್ಚುತ್ತಿದ್ದಾರೆ, ಅಮ್ಮ ಮಾತ್ರ, ಶಿವಲಕ್ಷ್ಮಮ್ಮ, ಯಾರನ್ನೂ ಕೈಯ ಹತ್ತಿರ ಬಿಡಲೊಲ್ಲಳು, ಕೈಗೆ ನಾನೇ ಹಚ್ತೀನಿ, ನೀವು ಹಾಡು ಹೇಳ್ಕೊಳ್ರಮ್ಮ, ಅಂದು ಮಣಿಕಟ್ಟಿನಿಂದ ಮೇಲಕ್ಕೆ ಗೋಡೆಗೆ ಗಾರೆ ಮೆತ್ತಿದ ಹಾಗೆ ಮೆತ್ತುತ್ತಿದ್ದಾಳೆ, ಮೆತ್ತಿ ಮೆತ್ತಿ ಬಿಳುಪು ಕಾಣೆಯಾಗಿ ಅವನೂ ಎಲ್ಲರಂತೆ ಬರೀ ಹಳದಿ, ಆಹಾ, ಎಷ್ಟು ಹಗುರವಾಗಿತ್ತು ಆ ಒಂದು ಗಳಿಗೆ, ಹೆಣ್ಣಿನ ಕಡೆಯವರು ಬಂದರೂ ಎದೆ ಹೊಡೆದುಕೊಳ್ಳಲಿಲ್ಲ. ಗಂಡಿಗೆ ಹಚ್ಚಿ ಉಳಿದ ಅರಿಶಿನವನ್ನು ಬಟ್ಟಲಲ್ಲಿಟ್ಟು ಹೆಣ್ಣಿನ ಬಿಡಾರಕ್ಕೆ ಒಯ್ಯಬೇಕು, ಅದನ್ನೇ ಅವಳಿಗೆ ಹಚ್ಚಬೇಕು, ಅದು ಅವರ ಕಡೆಯ ಪದ್ಧತಿ, ಸೋದರತ್ತೆ ಗಂಗುಲಮ್ಮ ಹೊಸ ಸೀರೆಯ ಸೆರಗು ಸಿಕ್ಕಿಸಿಕೊಂಡು ಕಾಯುತ್ತಿದ್ದಳು, ಬಟ್ಟಲು ತಾರೇ ಶಿವಲಕ್ಷ್ಮಿ, ಹೊತ್ತಾಯ್ತು, ಬಂದೆ ಕಣಕ್ಕ, ಅಂತ ಅಮ್ಮ ಹಿತ್ತಲಿಗೆ ಹೋದಳು, ಬಚ್ಚಲಲ್ಲಿ ನೀರು ಹುಯ್ದುಕೊಳ್ಳಲು ನಿಂತಿದ್ದವನಿಗೆ ಕಿಟಕಿಯಿಂದ ಕಂಡಿತು, ಅಮ್ಮ ನುಗ್ಗೆಮರದ ಬುಡಕ್ಕೆ ಬಟ್ಟಲು ಬೋರಲು ಹಾಕಿದಳು, ಬೆರಳಿನಿಂದ ಬಳಿದು ಬಳಿದು ಹಾಕಿದಳು, ಹುಣಿಸೆಹಣ್ಣು ಹಾಕಿ ಉಜ್ಜಿ ತೊಳೆದಳು, ಸೆರಗಿನ ಮರೆಯಿಂದ ಯಾರೂ ಮುಟ್ಟದ ಬೇರೆ ಅರಿಶಿನ ತೆಗೆದು ತುಂಬಿದಳು, ತಿರುಗಿದಾಗ ಮಗನ ಕಣ್ಣಿಗೆ ಕಣ್ಣು ಸಿಕ್ಕಿತು, ಏನೂ ಅರೀದ ಹುಡ್ಗಿ ಕಣಪ್ಪ ಅದು, ಅದಕ್ಯಾಕೆ ಹತ್ತಬೇಕು. ಅಷ್ಟೇ ಅಂದದ್ದು, ಮೆಲ್ಲಗೆ, ಕಣ್ಣಲ್ಲಿ ನೀರು ಕಟ್ಟಿಕೊಂಡು. ಅವನ ತಟ್ಟೆಯಲ್ಲಿ ಮಿಕ್ಕಿದ ಅನ್ನವನ್ನು ದಿನಾ ತಾನೇ ಉಂಡವಳು, ಜ್ವರ ಬಂದರೆ ಅದೇ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತವಳು, ತನಗೆ ಹತ್ತೀತೆಂದು ಒಂದು ದಿನ ಹೆದರಿದವಳಲ್ಲ, ಅವಳ ಮೇಲೆ ಸಿಟ್ಟು ಮಾಡಿಕೊಳ್ಳುವುದಾದರೂ ಹೇಗೆ, ಈಗ ಅವಳೂ ಇಲ್ಲ, ಸಿಟ್ಟು ಬರಲೇ ಇಲ್ಲ, ಬರೀ ನೋವು, ಆಮೇಲೆ ಒಂದು ಕೋಳಿ ಆ ಬುಡವನ್ನು ಕೆದಕಿ ಹಳದಿ ಕಾಲಿನಲ್ಲಿ ಚಪ್ಪರದ ತುಂಬ ಓಡಾಡಿತು, ಕೋಳಿಗೂ ಮದುವೆಯಂತೆ ಅಂತ ಜನ ನಕ್ಕರು, ಮಣೆಯ ಮೇಲೆ ಕೂತು ಅವನೂ ನಕ್ಕ.

ಶ್ರೀಲತಾಗೆ ಯಾರೂ ಹೇಳಿರಲಿಲ್ಲ, ಮೊದಲ ರಾತ್ರಿ ತಾನಾಗಿ ನೋಡಿದಳು, ನೋವಾಗ್ತೈತಾ, ಇಲ್ಲ, ಅಂಗಾರೆ ಸರಿ, ಅಂದು ಮಗ್ಗುಲಾಗಿ ನಿದ್ದೆಹೋದಳು, ಮೂರು ದಿನದ ಮದುವೆಯ ದಣಿವು ಪಾಪ, ಅವನಿಗೆ ನಿದ್ದೆಯಿಲ್ಲ, ಮುಂದೆಯೂ ಅವಳು ಕೆದಕಲಿಲ್ಲ, ಅವನು ಬಿಚ್ಚಲಿಲ್ಲ, ಬಟ್ಟಲಿನ ಮಾತನ್ನಂತೂ ಯಾರಿಗೂ ಹೇಳಲಿಲ್ಲ, ಮನೆಯಲ್ಲೂ ತುಂಬುತೋಳೇ, ಬಿಳುಪಿಗೆಂದು ತಂದ ಬಾವಂಚಿ ಎಣ್ಣೆಯನ್ನು ಬಾಗಿಲು ಹಾಕಿಕೊಂಡು ಹತ್ತಿಯಲ್ಲಿ ಅದ್ದಿ ತಾನೇ ಹಚ್ಚಿಕೊಂಡು ಆಮೇಲೆ ಎರಡೆರಡು ಸಲ ಸೋಪಿನಲ್ಲಿ ಕೈ ತೊಳೆಯುವುದು, ಬಾಗಿಲ ಹೊರಗಿಂದ ಅವಳು, ಬೆನ್ನಿಗೇನಾದ್ರೂ ಹಚ್ಬೇಕಾ ರೀ, ಬೇಡ ಬೇಡ, ಆಯ್ತು, ಆ ಅರಿಶಿನದ ದಿನದಿಂದೀಚೆಗೆ ಈ ಕೈಗಳಿಗೆ ಇನ್ನೊಬ್ಬರು ಏನನ್ನೂ ಹಚ್ಚಿಲ್ಲ. ಗಿಳಿಯಂಗಿಯನ್ನು ಮತ್ತೆ ಬೀರುವಿಗೆ ಸೇರಿಸುವಷ್ಟರಲ್ಲಿ ಬಂದೇಬಿಟ್ಟಳು, ಸೆರಗಿಗೆ ಕೈ ಒರೆಸಿಕೊಳ್ಳುತ್ತ, ಒಗ್ಗರಣೆಯ ವಾಸನೆ ಜೊತೆಗೆ, ದಾರಿಗೆ ಪುಳಿಯೋಗರೆ ಕಟ್ಟುತ್ತಿದ್ದಾಳೆ, ನಂಗೊತ್ತಿತ್ತು ಕಣ್ರೀ, ಮತ್ತೆ ತೆಗೆದ್ರಾ, ಅಲ್ಲಿ ಜನ ಇರ್ತಾರೆ ಕಣೇ, ಯಾವ ಜನ, ನಾಲ್ಕು ಮನೆ ಬೆಸ್ತ್ರು, ಅವ್ರು ಬಲೆ ನೋಡ್ಕೊಂತಾರೋ ನಿಮ್ಮ ಕೈ ನೋಡ್ಕೊಂತಾರೋ, ಸಮುದ್ರದಾಗೆ ನನ್ ಜೊತೆ ಇಳೀಬೇಕು ನೀವು, ಈ ತೋಳು ನೆಂದು ಜೋತಾಡ್ಕೊಂಡು ಇಳೀತೀರಾ, ಇಲ್ಲಾ ನಾನೊಬ್ಳೇ ಇಳೀಲಾ, ಅನ್ನುವಾಗ ಅವಳ ದನಿ ಸ್ವಲ್ಪ ಬಿರುಕುಬಿಟ್ಟಿತು, ಅವನು ಏನೋ ಹೇಳಬೇಕು, ಲಿನನ್ ಬೇಗ ಒಣಗುತ್ತದೆ ಅಂತ ಹೇಳಬಹುದು, ಥೂ, ಲಿನನ್ನಂತೆ. ಕೂತ್ಕೊಳ್ಳಿ, ಕೈ ಕೊಡಿ ಇಲ್ಲಿ, ಬೀರುವಿನ ಕನ್ನಡಿ ಹತ್ತಿರದಿಂದ ಒಂದು ಟ್ಯೂಬು ತಂದಳು, ಬಣ್ಣ ಇಲ್ದಿರೋ ಚರ್ಮ ಬಿಸ್ಲಿಗೆ ಬೇಗ ಸುಡ್ತೈತಂತೆ, ಮೆಡಿಕಲ್ ಶಾಪಿನೋನು ಹೇಳ್ದ, ಇದನ್ನ ಹಚ್ಚಿಕೊಂಡ್ರೆ ಏನೂ ಆಗಲ್ವಂತೆ, ಒಂದು ಕಿತ ನೋಡೇಬಿಡಾನ, ನಾನೇ ಹಚ್ಚಿಕೊಳ್ತೀನಿ ಬಿಡು, ನೀವು ಹಚ್ಕೊಂಡಿದ್ದು ಸಾಕು, ಅಂದವಳು ಕಫ್ಫಿಗೆ ಕೈ ಹಾಕಿದಳು, ಒಂದು ಗುಂಡಿ ಬಂತು, ಇನ್ನೊಂದು ಬರಲೊಲ್ಲದು, ಈ ವೆಂಕಟರಾಯಪ್ಪನ ಗುಂಡಿ ಮನೆ ಹಾಳಾಗ, ಬಂತು, ತೋಳು ಮೇಲಕ್ಕೆ ಮೇಲಕ್ಕೆ ಮಡಚಿದಳು, ಹಗಲು, ಕಿಟಕಿ ತೆರೆದೇ ಇದೆ, ಕಿಟಕಿ ಹಾಕು ಅನ್ನಬೇಕೆಂದುಕೊಂಡ, ಅನ್ನಲಿಲ್ಲ.

ತಣ್ಣಗಿದೆ, ಮಣಿಕಟ್ಟಿನಿಂದ ಮೇಲಕ್ಕೆ ತೀಡುತ್ತಿದ್ದಾಳೆ, ಈರುಳ್ಳಿ ಹೆಚ್ಚಿ ಒರಟಾದ ಅಂಗೈ, ಒಂದು ಕೈಯಾಯಿತು, ಇನ್ನೊಂದು ಕೊಡಿ, ಕೊಟ್ಟ, ಅಮ್ಮ ಮೆತ್ತಿದ ಹಾಗಲ್ಲ, ಇವಳು ಮುಚ್ಚುತ್ತಿಲ್ಲ, ಒಳಕ್ಕೆ ಇಳಿಸುತ್ತಿದ್ದಾಳೆ, ಮೊಣಕೈ ಸಂದಿಯನ್ನೂ ಬಿಡಲಿಲ್ಲ, ಎಷ್ಟೊಂದು ಹಿಂಡಿಬಿಟ್ಟೆನಪ್ಪ ಅಂತ ತನಗೆ ತಾನೇ ಗೊಣಗಿಕೊಂಡು ಕೈ ಎತ್ತಿದಳು, ಅಂಗೈ ತುಂಬ ಉಳಿದಿದೆ, ಅವನ ಕಣ್ಣು ಅಲ್ಲೇ, ಈಗ ಎದ್ದು ಹೋಗುತ್ತಾಳೆ, ಬಚ್ಚಲಿಗೆ, ತೊಳೆಯುತ್ತಾಳೆ, ತೊಳೆಯಲಿ, ತೊಳೆಯುವುದೇ ಸರಿ, ಸೋಪು ಕಿಟಕಿ ಮೇಲೈತೆ ನೋಡು, ಅಂದುಬಿಟ್ಟ, ದನಿ ತನ್ನದೋ ಅಮ್ಮನದೋ ಅವನಿಗೇ ತಿಳಿಯಲಿಲ್ಲ. ಸೋಪ್ಯಾಕೆ, ಇಷ್ಟು ಉಳ್ದೈತೆ, ದಂಡ ಮಾಡ್ಲಾ, ಅಂದವಳು ಕನ್ನಡಿಯ ಕಡೆ ತಿರುಗಿ ಉಳಿದದ್ದನ್ನು ಎರಡೂ ಕೆನ್ನೆಗೆ ಬಳಿದುಕೊಂಡಳು, ಕತ್ತಿಗೆ, ಹಣೆಗೆ ಒಂದು ಬೆರಳು, ಬೆರಳಿನಿಂದ ಬಳಿದು ಬಳಿದು, ನಂಗೂ ಬಿಸ್ಲು ಬಡಿಯಾಕಿಲ್ವಾ ಅನ್ನುತ್ತ, ಒಲೆ ಮೇಲೆ ಏನೋ ಸೀಯುತ್ತಿದೆ ಅನ್ನುತ್ತ, ಹೋಗಲಿಲ್ಲ, ಅವನನ್ನೇ ನೋಡಿ ಯಾಕ್ರೀ, ಏನಾಯ್ತು, ಬಸ್ಸು, ಹ್ಯಾಟು, ಗಿಳಿಯಂಗಿ, ಅವನ ತೊಡೆಯ ಮೇಲೆ ಎರಡು ಕೈ ಹಾಗೇ ತೆರೆದು ಬಿದ್ದಿವೆ, ತೋಳು ಇಳಿಸಬೇಕೆಂದು ತೋಚುತ್ತಿಲ್ಲ, ಕೋಳಿಯ ಹಳದಿ ಕಾಲು, ಬೋರಲು ಬಿದ್ದ ಬಟ್ಟಲು, ಅವಳ ಕಪ್ಪು ಕೆನ್ನೆಯ ಮೇಲೆ ಇಂಗದೆ ನಿಂತ ಬಿಳಿ, ಅವನಿಗೆ ಹಚ್ಚಿ ಉಳಿದದ್ದು, ಕೆನ್ನೆಯ ಮೇಲೆ, ಹಚ್ಚಿ ಉಳಿದದ್ದು, ಅವಳ ಕೆನ್ನೆಯ ಮೇಲೆ