ಕಾಲಿಗೆ ಸಿಗದ ಕ್ಲಚ್ಚು

ಎಂಜಿನ್ ಊರಿಗೆಲ್ಲ ಕೇಳುವಂತೆ ಗುಡುಗುತ್ತಿತ್ತು, ಟ್ರಾಕ್ಟರ್ ಮಾತ್ರ ಒಂದು ಗೇಣೂ ಮುಂದೆ ಹೋಗುತ್ತಿರಲಿಲ್ಲ. ನೇಗಿಲು ಮಣ್ಣಿಗಿಳಿದರೆ ಸಾಕು, ಚಕ್ರ ನಿಂತೇಬಿಡುತ್ತಿತ್ತು. ಕ್ಲಚ್ಚು ಜಾರುತ್ತಿತ್ತು. ಸುಟ್ಟ ವಾಸನೆ ಬೇರೆ. ಸ್ಪ್ಯಾನರಕ್ಕ ಎಂಜಿನ್ ಆರಿಸಿ, ಮೊಣಕೈಯಿಂದ ಬೆವರು ಒರೆಸಿಕೊಂಡು, ಆ ಟ್ರಾಕ್ಟರಿನ ಏಳು ತಲೆಮಾರನ್ನೂ ಸೇರಿಸಿ ಬೈದಳು.

ಬೈಯದೆ ಇನ್ನೇನು ಮಾಡಿಯಾಳು? ಹದಿನೆಂಟು ವರ್ಷ ಜಮೀನಿನ ಯಜಮಾನರ ಶೆಡ್ಡಿನಲ್ಲಿ ಗ್ರೀಸು ಬಳಿದ ಕೈ ಅದು. ಯಜಮಾನರು ಆಲೂಗಡ್ಡೆ ಕೀಳುವ ಹೊಸ ಯಂತ್ರ ತಂದ ದಿನವೇ ಅವಳನ್ನೂ ಹೊಲದ ಹತ್ತು ಹೆಂಗಸರನ್ನೂ ಮನೆಗೆ ಕಳಿಸಿದರು. ಹೆಂಗಸರು ಹೋಗಲಿಲ್ಲ. ಮೂರು ದಿನ ಗೇಟಿನ ಮುಂದೆಯೇ ಕೂತರು. ಕಾರು ಹೊರಗೆ ತೆಗೆಯಲಾಗದೆ ಯಜಮಾನರಿಗೆ ತಲೆ ಚಿಟ್ಟು ಹಿಡಿಯಿತು. "ಮೂಲೇಲಿರೋ ಆ ಗುಜರಿ ಟ್ರಾಕ್ಟರ್ ಎಳ್ಕೊಂಡು ಹೋಗ್ರೇ! ಹದಿನೆಂಟು ವರ್ಷಕ್ಕೆ ಅದೇ ನಿಮ್ಮ ಪಾಲು!" ಎಂದು ಎಲ್ಲರ ಎದುರಿಗೆ ಕೂಗಿದರು. ಹನ್ನೊಂದು ಜನರೂ ಸೇರಿ ಅದನ್ನು ರಸ್ತೆಯುದ್ದಕ್ಕೂ ತಳ್ಳಿಕೊಂಡು ಬಂದರು. ಹೊಳೆಯಾಚೆ ಬೇರೊಬ್ಬರ ನಾಲ್ಕು ಎಕರೆ ಹೊಲ ಅವರಿಗೆ ಪಾಲಿಗೆ ಸಿಕ್ಕಿತ್ತು. ನಾಳೆ ಸಂಜೆಯೊಳಗೆ ಉಳದಿದ್ದರೆ ಅದು ಬೇರೆಯವರ ಪಾಲು. ಹಾಗೆಂದು ಆ ಹೊಲದ ಒಡೆಯ ಮೊದಲೇ ಹೇಳಿದ್ದ.

ಸಾಮಾನ್ಯವಾಗಿ ಟ್ರಾಕ್ಟರಿಗೆ ಕ್ಲಚ್ಚು ಕಾಲಿನ ಹತ್ತಿರ. ಈ ಮುದುಕಪ್ಪನಿಗೆ ಕೈಯಲ್ಲಿ. ಸೀಟಿನ ಮುಂದೆ ಉದ್ದನೆಯ ಕಬ್ಬಿಣದ ಹಿಡಿ. ಮುಂದಕ್ಕೆ ತಳ್ಳಿದರೆ ಹೊರಡುತ್ತದೆ, ಹಿಂದಕ್ಕೆ ಎಳೆದರೆ ನಿಲ್ಲುತ್ತದೆ. ಕೈ ಬಿಟ್ಟರೂ ತನ್ನ ಪಾಡಿಗೆ ತಾನು ಹೋಗುತ್ತಲೇ ಇರುತ್ತದೆ, ನಿಲ್ಲಿಸುವವರು ನಿಲ್ಲಿಸಬೇಕು.

ಸ್ಪ್ಯಾನರಕ್ಕ ಪಕ್ಕದ ಮುಚ್ಚಳ ಬಿಚ್ಚಿದಳು. ಒಳಗೆ ಮೂರು ನಟ್ಟು. ಒಂದು ಕೊನೆಯವರೆಗೂ ಬಿಗಿದು ಕೂತಿತ್ತು, ಇನ್ನೆರಡು ಬೆರಳಲ್ಲೇ ತಿರುಗುತ್ತಿದ್ದವು.

"ಯಾರೇ ಇದನ್ನ ಬಿಗಿದಿದ್ದು?"

"ನಾನೇ," ಎಂದಳು ಅವಳ ಅತ್ತಿಗೆ, ಹೆಮ್ಮೆಯಿಂದಲೇ. "ನಿನ್ನೆ ನೀನು ಊಟಕ್ಕೆ ಹೋದಾಗ. ಅದೊಂದೇ ಕೈಗೆ ಸಿಕ್ಕಿದ್ದು. ಸ್ಪ್ಯಾನರಿಗೆ ಪೈಪ್ ಸಿಕ್ಕಿಸಿ ಬಿಗಿದೀನಿ ನೋಡು!"

"ಅಯ್ಯೋ ಅತ್ತಿಗೆ! ಅದೊಂದರ ಜೀವ ಹಿಂಡಿದೀಯ, ಇನ್ನೆರಡು ಆರಾಮಾಗಿ ಕೂತಿವೆ. ಒಳಗಿನ ಬಿಲ್ಲೆ ಓರೆಯಾಗಿದೆ. ಜಾರದೆ ಇನ್ನೇನು ಮಾಡುತ್ತೆ?"

"ಯಜಮಾನ್ರ ಹತ್ರ ಕಲಿತ ಬುದ್ಧಿ ಕಣೆ," ಎಂದಳು ಅತ್ತಿಗೆ. "ಕೈಗೆ ಸಿಕ್ಕೋರನ್ನೇ ಹಿಂಡೋದು."

ಹೆಂಗಸರು ಬಿದ್ದು ಬಿದ್ದು ನಕ್ಕರು. ಮೂರು ನಟ್ಟನ್ನೂ ಬಿಚ್ಚಿ, ಎಣ್ಣೆ ಕುಡಿದಿದ್ದ ಬಿಲ್ಲೆಗಳನ್ನು ಪೆಟ್ರೋಲಿನಲ್ಲಿ ತೊಳೆದು ಒರೆಸಿದರು. ಸ್ಪ್ಯಾನರಕ್ಕ ಈ ಸಲ ಮೂರಕ್ಕೂ ಸಮವಾಗಿ ಬಿಗಿ ಕೊಡುತ್ತಾ ಹೋದಳು. ಒಂದಕ್ಕೆ ಕಾಲು ಸುತ್ತು, ಎರಡನೆಯದಕ್ಕೂ ಕಾಲು ಸುತ್ತು, ಮೂರನೆಯದಕ್ಕೂ ಅಷ್ಟೇ. ಆಮೇಲೆ ಹಿಡಿ ತಳ್ಳಿ ನೋಡುವುದು. ಸಡಿಲ. ಮತ್ತೆ ಮೂರಕ್ಕೂ ಕಾಲು ಸುತ್ತು. ಇನ್ನೂ ಸಡಿಲ. ನಾಲ್ಕನೆಯ ಸಲಕ್ಕೆ ಹಿಡಿ "ಟಕ್" ಎಂದು ಕೂತಿತು. ಆಹಾ! ಆ ಸದ್ದು ಕೇಳಿ ಅವಳ ಕಣ್ಣಲ್ಲಿ ನೀರು ಬಂತು, ನಾಚಿಕೆಯೂ ಆಯಿತು.

ಎಂಜಿನ್ ಹತ್ತಿತು. ನೇಗಿಲು ಇಳಿಯಿತು. ಮಣ್ಣು ಎರಡು ಕಡೆಗೂ ಹೊರಳಿ ಬಿತ್ತು. ಒಂದು ಸಾಲು ಮುಗಿಸಿ, ಹಿಡಿಯನ್ನು ಹಿಂದಕ್ಕೆಳೆದು, ನೇಗಿಲಿಗೆ ಸಿಕ್ಕಿದ ಬೇರು ಬಿಡಿಸಲು ಅದನ್ನು ಟ್ರಾಕ್ಟರಿನ ಕೊಂಡಿಯಿಂದ ಕಳಚಿ ಕೂತಳು. ಎಂಜಿನ್ ಓಡುತ್ತಲೇ ಇತ್ತು, ಗೇರೂ ಹಾಕಿದ ಹಾಗೇ ಇತ್ತು.

ಅಷ್ಟರಲ್ಲಿ ಬದುವಿನ ಮೇಲೆ ಯಜಮಾನರ ಕಾರು ನಿಂತಿತು. ಜೊತೆಗೆ ಮೂವರು ಆಳುಗಳು. ಪಟ್ಟಣದ ಶ್ರೀಮಂತನೊಬ್ಬ ಹಳೇ ಯಂತ್ರಗಳನ್ನು ಹೊಸ ಕಾರಿನ ಬೆಲೆಗೆ ಕೊಳ್ಳುತ್ತಾನೆಂದು ಯಜಮಾನರ ಕಿವಿಗೆ ಬಿದ್ದಿತ್ತು.

"ಪರವಾಗಿಲ್ವೇ, ರಿಪೇರಿ ಮಾಡ್ಬಿಟ್ಟಿದೀಯ! ಸರಿ, ಶೆಡ್ಡಿಗೆ ಹೊಡಿ."

"ನಮಗೆ ಕೊಟ್ರಲ್ಲ ಯಜಮಾನ್ರೇ."

"ಕೊಟ್ನಾ? ಕಾಗದ ತೋರ್ಸು."

ಸ್ಪ್ಯಾನರಕ್ಕ ಬೇರು ಬಿಟ್ಟು ಎದ್ದು ನಿಂತಳು. ಬಾಯಿಮಾತಿಗೆ ಕಾಗದ ಎಲ್ಲಿಂದ ತರುವುದು?

"ಟ್ರಾಕ್ಟರ್ ನೀವೇ ಹೊಡೀರೋ," ಎಂದರು ಯಜಮಾನರು. ಆಳುಗಳು ಹಿಡಿಯನ್ನೊಮ್ಮೆ, ಪರಸ್ಪರ ಮುಖವನ್ನೊಮ್ಮೆ ನೋಡಿದರು. "ದಂಡಪಿಂಡಗಳು! ಹತ್ತು ಟ್ರಾಕ್ಟರಿನ ಒಡೆಯ ಕಣ್ರೋ ನಾನು!" ಎನ್ನುತ್ತಾ ತಾವೇ ಏದುಸಿರು ಬಿಡುತ್ತಾ ಹತ್ತಿ ಕೂತರು. ಗೇರ್ ಇರಬೇಕೆಂದುಕೊಂಡು ಹಿಡಿಯನ್ನು ಮುಂದಕ್ಕೆ ನೂಕಿದರು.

ಟ್ರಾಕ್ಟರ್ ಹೊರಟಿತು, ಸೀದಾ ಅವರ ಕಾರಿನ ಕಡೆಗೆ. ನಡಿಗೆಯ ವೇಗ, ಆದರೆ ಯಾರಪ್ಪನಿಗೂ ಬಗ್ಗದ ನಡಿಗೆ. ಯಜಮಾನರ ಎರಡೂ ಕಾಲು ಕೆಳಗೆ ಪೆಡಲ್ ಹುಡುಕಿ ಒದ್ದಾಡಿದವು.

"ಕ್ಲಚ್ಚು ಎಲ್ಲೇ? ಎಲ್ಲಿಟ್ಟಿದೀಯೇ ಕ್ಲಚ್ಚು?"

ಸ್ಪ್ಯಾನರಕ್ಕ ಪಕ್ಕದ ಮೆಟ್ಟಿಲಿಗೆ ಹತ್ತಿ, ಹಿಡಿಯ ಮೇಲೆ ಕೈಯಿಟ್ಟಳು. ಎಳೆಯಲಿಲ್ಲ.

"ಯಾರದು ಯಜಮಾನ್ರೇ ಈ ಟ್ರಾಕ್ಟರು?"

"ಮೊದ್ಲು ನಿಲ್ಸೇ!"

"ಯಾರದು?"

ಕಾರು ಐದು ಹೆಜ್ಜೆ ದೂರದಲ್ಲಿತ್ತು.

"ನಿಮ್ದೇ ಕಣ್ರೇ! ನಾನೇ ಕೊಟ್ಟಿದ್ದೆ! ಎಲ್ಲರ ಎದುರಿಗೂ ಕೊಟ್ಟಿದ್ದೆ!"

ಅವಳು ಎಳೆದಳು. ಟ್ರಾಕ್ಟರ್ ಕಾರಿನ ಬಾಗಿಲಿಗೆ ಮೂಗು ತಾಗಿಸುವಷ್ಟು ಹತ್ತಿರ ನಿಂತಿತು. ಯಜಮಾನರು ಎರಡು ಸಲ ಉಸಿರೆಳೆದುಕೊಂಡರು. ಮುಖಕ್ಕೆ ಬಣ್ಣ ಬಂದ ಕೂಡಲೇ ನಾಲಿಗೆಯೂ ಹೊರಳಿತು.

"ಭಯದಲ್ಲಿ ಆಡಿದ ಮಾತು, ಲೆಕ್ಕಕ್ಕಿಲ್ಲ. ನಾನು ಇಲ್ಲಿಂದ ಇಳಿಯಲ್ಲ. ಏನ್ರೋ ನೋಡ್ತಾ ನಿಂತಿದೀರಿ? ದೂಡ್ರೋ ಇವಳನ್ನ!"

ಆಳುಗಳು ಮಿಸುಕಲಿಲ್ಲ. ಅವರಲ್ಲೊಬ್ಬ ಗೇಟು ಕಾಯುವವನು, ಇಪ್ಪತ್ತು ವರ್ಷದಿಂದ "ಹೂಂ" ಬಿಟ್ಟು ಬೇರೆ ಮಾತಾಡಿದವನಲ್ಲ.

"ಈಗ ಹೇಳಿದ್ದು ನಾವು ಕೇಳಿಸ್ಕೊಂಡ್ವಿ ಯಜಮಾನ್ರೇ," ಎಂದ. "ಆವತ್ತು ಗೇಟಿನ ಹತ್ರ ಹೇಳಿದ್ದೂ ಕೇಳಿಸ್ಕೊಂಡಿದ್ವಿ. ಆವತ್ತು ಬಾಯಿ ಬಿಡಲಿಲ್ಲ, ಅಷ್ಟೇ. ಯಾರ ಮುಂದೆ ಬೇಕಾದ್ರೂ ಬಂದು ಹೇಳ್ತೀನಿ."

ಹೇಳಿದವನೇ ಅಂಗಿಯ ತೋಳು ಮಡಚಿಕೊಂಡು ಹೊಲಕ್ಕಿಳಿದು, ಅತ್ತಿಗೆಯ ಜೊತೆ ನೇಗಿಲಿನ ಬೇರು ಕೀಳಲು ನಿಂತ. ಇನ್ನಿಬ್ಬರೂ ಅವನ ಹಿಂದೆ ಹೋದರು. ಯಜಮಾನರು ಮಾತ್ರ ಸೀಟಿನಲ್ಲಿ ಕೈಕಟ್ಟಿ, ಹೊಟ್ಟೆ ಮುಂದಿಟ್ಟುಕೊಂಡು ಕೂತೇ ಇದ್ದರು.

ಸ್ಪ್ಯಾನರಕ್ಕ ಅವರ ಪಕ್ಕದಲ್ಲೇ ನಿಂತು ರಿವರ್ಸ್ ಗೇರಿಗೆ ಹಾಕಿದಳು.

"ಇಳಿಯೋದಾದ್ರೆ ಇಳೀರಿ ಯಜಮಾನ್ರೇ, ಇಲ್ಲಾಂದ್ರೆ ಗಟ್ಟಿಯಾಗಿ ಹಿಡ್ಕೊಳ್ಳಿ," ಎಂದಳು. "ನಾಲ್ಕು ಎಕರೆ ಉಳೋದಿದೆ ನಮಗೆ."