ಸಾಯಬಮ್ಮನ ಬೈಗುಳ

“ಯಂತ್ರ ತಪ್ಪಾಗಿ ಅನುವಾದ ಮಾಡ್ತು ಅಂದ್ಬಿಡಿ ಮೌನೇಶ್ವರಿ. ಒಂದೇ ವಾಕ್ಯ. ಅಲ್ಲಿಗೆ ಎಲ್ಲ ಮುಗೀತು,” ಎಂದರು ಮೈಸೂರಿನಿಂದ ವಾರಿಜಾ.

ಮೌನೇಶ್ವರಿ ಮೊಬೈಲನ್ನು ಕಿವಿಗೊತ್ತಿಕೊಂಡು ಮಾಳಿಗೆಯ ಅಂಚಿಗೆ ಬಂದು ನಿಂತಿದ್ದಳು. ತಿಂಥಣಿಯ ಆ ಮನೆಯಲ್ಲಿ ನೆಟ್‌ವರ್ಕ್ ಸಿಗುತ್ತಿದ್ದುದು ಮಾಳಿಗೆಯ ಮೇಲೆ ಮಾತ್ರ. ಕೆಳಗೆ ಅಂಗಳದಲ್ಲಿ ಗಂಡ ಭೀಮು ಹೊಳೆಯಿಂದ ತಂದ ಬಲೆಯನ್ನು ಬಿಡಿಸಿ ಹರವುತ್ತಿದ್ದ. ಅತ್ತೆ ಸಾಯಬಮ್ಮ ಕಟ್ಟೆಯ ಮೇಲೆ ಕುಳಿತು, ಬಲೆಗೆ ಸಿಕ್ಕಿದ ಕಸವನ್ನೂ ಅದನ್ನು ತಂದ ಮಗನನ್ನೂ ಒಂದೇ ಉಸಿರಿನಲ್ಲಿ ಬೈಯುತ್ತಿದ್ದಳು.

“ಆದ್ರ ಮೇಡಂ, ಅದು ತಪ್ಪ ಹೇಳಿಲ್ಲಲ್ರಿ.”

“ಅಂದ್ರೆ?”

“ನಮ್ಮತ್ತಿ ಏನಂದಾರೋ ಅದನ್ನ ಅಂದದ್ರಿ.”

“ನೋಡಿ, ನಾನೂ ಕನ್ನಡದವಳೇ. ಕಾಯಿಲೆಯಿಂದ ನರಳ್ತಿರೋ ಹೆಂಗಸಿಗೆ ನಿನ್ನ ಹೆಣ ಎತ್ತಲಿ ಅನ್ನೋ ಕನ್ನಡವನ್ನ ನಾನು ಕೇಳಿಲ್ಲ. ಕೇಳಿದ್ರೂ ಪ್ರಪಂಚದ ಮುಂದೆ ಇದು ನಮ್ಮದು ಅಂತ ಒಪ್ಕೊಳ್ಳೋಕಾಗುತ್ತಾ? ಸಂಜೆ ಆರೂವರೆಗೆ ಸಭೆ. ನೀವು ಓದಬೇಕಾದ್ದನ್ನ ಬರೆದು ಕಳಿಸಿದೀನಿ. ಇಲ್ಲ ಅಂದ್ರೆ ಭಾರತದ ಚೌಕ ಜೈಪುರದವರಿಗೆ ಹೋಗುತ್ತೆ. ನಿಮ್ಮನ್ನ ಬಳಗದಲ್ಲಿ ಉಳಿಸಿಕೊಳ್ಳೋದೂ ನನ್ನ ಕೈಲಿಲ್ಲ.”

ಅದು ಚಿಂದಿ ಬಟ್ಟೆಗಳನ್ನು ಕೂಡಿಸಿ ಹೊದಿಕೆ ಹೊಲಿಯುವ ಹೆಂಗಸರ ಬಳಗ. ಯಾವ ಯಾವುದೋ ದೇಶಗಳ ನೂರಾರು ಹೆಂಗಸರು ಮೊಬೈಲಿನೊಳಗೆ ಸೇರಿ, ಒಬ್ಬರ ಹೊಲಿಗೆಯನ್ನೊಬ್ಬರು ನೋಡಿ ಮೆಚ್ಚುತ್ತಿದ್ದರು. ಮೌನೇಶ್ವರಿ ತಾನು ಹೊಲಿದ ಕೌದಿಯೊಂದರ ಚಿತ್ರವನ್ನು ಸುಮ್ಮನೆ ಹಾಕಿದ್ದಳು. ಅಲ್ಲಿಂದ ಅವಳೂ ಅವರಲ್ಲೊಬ್ಬಳಾದಳು. ಊರಿನಲ್ಲಿ ಅವಳು ಭೀಮುವಿನ ಹೆಂಡತಿ, ಸಾಯಬಮ್ಮನ ಸೊಸೆ. ಅಲ್ಲಿ ಮಾತ್ರ ಅವಳ ಹೆಸರು ಪೂರ್ತಿಯಾಗಿ ಕಾಣುತ್ತಿತ್ತು. ಹೆಸರಿನ ಪಕ್ಕದಲ್ಲಿ ಒಂದು ಪುಟ್ಟ ಬಾವುಟವಿತ್ತು. ಈ ವರ್ಷ ದೇಶಕ್ಕೊಂದರಂತೆ ಚೌಕಗಳನ್ನು ಕೂಡಿಸಿ ಒಂದು ದೊಡ್ಡ ಹೊದಿಕೆ ಮಾಡುವುದೆಂದು ಬಳಗ ತೀರ್ಮಾನಿಸಿದಾಗ, ಭಾರತದ ಚೌಕ ಅವಳ ಪಾಲಿಗೆ ಬಂದಿತು. ನೋಡಿದ ಕೂಡಲೇ ಭಾರತವೆಂದು ತಿಳಿಯಬೇಕು, ನವಿಲಿರಲಿ ಎಂದಿದ್ದರು ಭಾರತದ ಹೆಂಗಸರಿಗೆ ಮುಖ್ಯಸ್ಥೆಯಾದ ವಾರಿಜಾ. ಕೌದಿಗೆ ನವಿಲು ಹಾಕಿ ಅಭ್ಯಾಸವಿಲ್ಲದ ಮೌನೇಶ್ವರಿ ಬಿಚ್ಚಿ ಬಿಚ್ಚಿ ಹೊಲಿದಿದ್ದಳು. “ನವಿಲಂತ ನವಿಲು. ಕೋಳಿಗಿ ಸೆರಗ ಹೊಚ್ಚಿದಂಗ ಅದ,” ಎಂದು ಸಾಯಬಮ್ಮ ನಕ್ಕಿದ್ದಳು.

ಹಿಂದಿನ ಭಾನುವಾರದ ಸಭೆಯಲ್ಲಿ ಪೋರ್ಚುಗಲ್ಲಿನ ಇನೇಸ್ ತಾನು ಮಾಡಿದ ನೀಲಿ ಹೊದಿಕೆಯನ್ನು ತೋರಿಸಿದ್ದಳು. ಬಳಗಕ್ಕೆ ಹೊಸಬಳಾಗಿದ್ದ ಮೌನೇಶ್ವರಿಯ ಮುರುಕು ಇಂಗ್ಲಿಷಿಗೆ ನಗದೆ ಉತ್ತರ ಬರೆದ ಮೊದಲನೆಯವಳು ಆಕೆ. ಕ್ಯಾನ್ಸರಿನ ಔಷಧಿಗೆ ಆಕೆಯ ತಲೆಗೂದಲೆಲ್ಲ ಉದುರಿತ್ತು. ಹೊದಿಕೆಯ ಅಂಚಿನಲ್ಲಿ ಸಾಸಿವೆ ಸಾಲಿನಂಥ ಹೊಲಿಗೆ. ಸೊಸೆಯ ಭುಜದ ಹಿಂದಿನಿಂದ ಇಣುಕುತ್ತಿದ್ದ ಸಾಯಬಮ್ಮನಿಗೆ ತಡೆಯಲಾಗಲಿಲ್ಲ. “ಇಕಿ ಹೆಣಾ ಎತ್ಲಿ, ಎಂಥಾ ಕೈ ಅದ ನೋಡು ಇಕಿದು,” ಎಂದುಬಿಟ್ಟಳು.

ಬಳಗದ ಸಭೆಗಳಲ್ಲಿ ಯಾರು ಯಾವ ಭಾಷೆಯಲ್ಲಿ ಮಾತನಾಡಿದರೂ ಅದು ಉಳಿದವರ ಭಾಷೆಗೆ ತಿರುಗಿ, ಪರದೆಯ ಬುಡದಲ್ಲಿ ಅಕ್ಷರಗಳಾಗಿ ಮೂಡುತ್ತಿತ್ತು. ಅಂದೂ ಮೂಡಿತು. ‘ಇವಳ ಶವವನ್ನು ಎತ್ತಲಿ’ ಎಂಬುದನ್ನು ಇಪ್ಪತ್ತು ದೇಶದವರು ತಮ್ಮ ತಮ್ಮ ಭಾಷೆಯಲ್ಲಿ ಓದಿದರು. ಇನೇಸ್ ಓದಿದಳು, ಹೊದಿಕೆಯನ್ನು ಮಡಚಿದಳು, ಸಭೆಯಿಂದ ಹೊರಟುಹೋದಳು. ನಿಮ್ಮ ದೇಶದಲ್ಲಿ ರೋಗಿಗಳಿಗೆ ಹೀಗೆನ್ನುವ ರೂಢಿಯುಂಟೆ ಎಂದು ಯಾರೋ ಬರೆದರು. ಇದು ಭಾರತದ ಸಂಸ್ಕೃತಿಯಲ್ಲ, ನಾವು ತಲೆ ತಗ್ಗಿಸಿದ್ದೇವೆ ಎಂದು ಜೈಪುರದಿಂದ ಒಬ್ಬರು, ಕೊಚ್ಚಿಯಿಂದ ಇನ್ನೊಬ್ಬರು ಉತ್ತರಿಸಿದರು. ಇನೇಸ್ ಮಾತ್ರ ಅಂದಿನಿಂದ ಒಂದಕ್ಷರವನ್ನೂ ಬರೆದಿರಲಿಲ್ಲ.

ಮೌನೇಶ್ವರಿ ಏಣಿ ಇಳಿದು ಬಂದಾಗ ಸಾಯಬಮ್ಮ ತಲೆಯೆತ್ತಿ ನೋಡಿದಳು.

“ಏನಂತಾಳ ನಿಮ್ಮ ಮೈಸೂರ ಬಾಯಿ?”

“ಅತ್ತಿ, ನೀವೊಂದ ಮಾತ ಅನ್ರಿ ಸಾಕು. ತಪ್ಪಾತು, ಮಾಫಿ ಮಾಡು ಅಂತ. ನಾನ ಆಕಿಗಿ ತಿಳಿಸಿ ಹೇಳ್ತೀನಿ.”

“ಮಾಫಿ ಯಾತಕ್ಕ?”

“ಹೆಣಾ ಎತ್ಲಿ ಅಂದೀರಲ್ಲ. ಆಕಿ ಬಿಮಾರ್ ಅದಾಳ. ಮನಸಿಗಿ ಹಚ್ಚಿಕೊಂಡಾಳ.”

“ಬಿಮಾರ್ ಅದಾಳಂತನ ಅಂದೀನಿ.” ಸಾಯಬಮ್ಮ ಕೈಯಲ್ಲಿದ್ದ ಬಲೆಯ ಎಳೆಯನ್ನು ಕೆಳಗಿಟ್ಟಳು. “ಅಂಥಾ ಕೈ ಇದ್ದಾಕಿ, ಮೈಯಾಗ ತ್ರಾಣಿಲ್ಲ. ಹತ್ತ ಮಂದಿ ಕಣ್ಣ ಬಿಟ್ಟ ನೋಡಾಕತ್ತಿದ್ರು. ಚಂದ ಅದ, ಚಂದ ಅದ ಅಂತ ಎಲ್ಲಾರೂ ಅಂದ್ರು. ಒಬ್ಬಾಕ್ಯರೆ ಬೈದಾಳೇನು? ನಾ ಬೈದೆ. ಈಗ ಮಾಫಿ ಕೇಳಿದ್ರ ಏನಾತು ಅದು? ಖರೇ ಶಾಪ ಆತು. ಶಾಪ ಹಾಕಿದವರು ಮಾಫಿ ಕೇಳ್ತಾರ. ನಾ ಎಲ್ಲಿ ಶಾಪ ಹಾಕೀನಿ?”

“ಹಂಗಾದ್ರ ಮಷೀನ್ ತಪ್ಪ ತಿಳಕೊಂಡದ ಅಂತ ನಾ ಹೇಳ್ತೀನಿ. ನೀವ ಸುಮ್ಮನ ಕುಂದರ್ರಿ.”

“ಅದೂ ಒಂದ, ಇದೂ ಒಂದ. ನಾ ಅಂದೇ ಇಲ್ಲ ಅಂದ್ರ ಮಾತು ವಾಪಸ್ ತಗೊಂಡಂಗ. ಆಕಿ ಮ್ಯಾಲ ಹೊಚ್ಚಿದ ಕೌದಿ ಎಳಕೊಂಡಂಗ.” ಅವಳ ದನಿ ಗಡುಸಾಯಿತು. “ನಿನ್ನ ಬಾವುಟದ ಸಲುವಾಗಿ ಬಿಮಾರ್ ಹೆಣ್ಮಗಳ ಮ್ಯಾಲಿಂದ ಎಳೀತಿ ಏನು? ಎಳಿ ನೋಡೋಣ.”

ಭೀಮು ಬಲೆಯ ಆ ತುದಿಯಿಂದ ನಗೆ ತರಿಸಲು ನೋಡಿದ. “ನಮ್ಮವ್ವನ ಬೈಗಳಾ ತಿಂದ ನಾ ಇಷ್ಟ ದಪ್ಪ ಆಗೀನಿ. ಅದಕ್ಕ ಕೇಸ್ ಹಾಕೂದಾದ್ರ ನಾ ಮೊದಲ ಹಾಕ್ತಿದ್ದೆ.”

“ನೀ ಬಾಯಿ ಮುಚ್ಚೋ, ನಿನ್ನ ಬಾಯಾಗ ಮಣ್ಣ ಹಾಕ,” ಎಂದಳು ತಾಯಿ. ಯಾರೂ ನಗಲಿಲ್ಲ.

ಮೌನೇಶ್ವರಿ ಕೊಡ ಹಿಡಿದು ಹೊಳೆಯ ದಾರಿಗೆ ನಡೆದಳು. ನೀರಿನ ಅಗತ್ಯವಿರಲಿಲ್ಲ. ಭೀಮು ಹಿಂದಿನಿಂದ ಬಂದು ಅವಳನ್ನು ಕೂಡಿಕೊಂಡ.

“ನಮ್ಮವ್ವನ ಜೋಡಿ ಜಿದ್ದ ಮಾಡಬ್ಯಾಡ,” ಎಂದ ಭೀಮು.

“ಜಿದ್ದ ಯಾರ ಮಾಡಾಕತ್ತಾರ? ಇಷ್ಟ ವರ್ಷಕ್ಕ ಒಂದ ನನ್ನದಂತ ಇತ್ತು. ಅದೂ ಹೊಂಟದ.”

“ನನಕಿಂತ ಮೊದಲ ಒಂದ ಹೆಣ್ಣ ಇತ್ತಂತ ನಮ್ಮವ್ವಗ. ಭಾಳ ಚಂದಿತ್ತಂತ. ಇಕಿ ಎತ್ತಿದ್ರ ಹೆಣಾ ಎತ್ಲಿ, ಇಳಿಸಿದ್ರ ಹೆಣಾ ಎತ್ಲಿ. ಸೂಜಿ ಹಾಕಾಕ ಬರ್ತಿದ್ದ ನರ್ಸ್ ಬಾಯಾರು, ಕೂಸಿಗಿ ಹಂಗ ಅನಬ್ಯಾಡವ್ವಾ, ಓದಿದವರು ಕೇಳಿದ್ರ ಏನಂದಾರು ಅಂದ್ರಂತ. ಇಕಿಗಿ ನಾಚಿಕಿ ಆತು. ಬೈಯೂದ ಬಿಟ್ಳು.” ಭೀಮು ದಾರಿಯ ಕಲ್ಲೊಂದನ್ನು ಕಾಲಿನಿಂದ ಬದಿಗೆ ಸರಿಸಿದ. “ಆ ಮಳಿಗಾಲದಾಗ ಜ್ವರ ಬಂದು ಕೂಸು ಹೋತು. ಜ್ವರದಿಂದನ ಹೋಗ್ಯದ, ನನಗೂ ಗೊತ್ತದ. ಆದ್ರ ಆಮ್ಯಾಲ ನಾ ಹುಟ್ಟಿದಾಗ ಊರ ಮಂದಿ ಕಿವಿ ಮುಚ್ಚಿಕೊಳ್ಳೂವಂಗ ಬೈದಾಳ.”

ಮೌನೇಶ್ವರಿ ಬರಿಗೊಡವನ್ನೇ ಹೊತ್ತು ಹಿಂದಿರುಗಿದಳು.

ಸಂಜೆ ಅವಳು ಮಾಳಿಗೆಯ ಮೇಲೆ ಚಾಪೆ ಹಾಸಿ, ಮೊಬೈಲನ್ನು ಜೋಳದ ಡಬ್ಬಿಗೆ ಒರಗಿಸಿಟ್ಟು ಕುಳಿತಳು. ಸಾಯಬಮ್ಮ ಕೆಳಗೆ ಒಲೆಯ ಮುಂದಿದ್ದಳು. ಪರದೆಯ ಮೇಲೆ ಮುಖಗಳು ಒಂದೊಂದಾಗಿ ಪುಟ್ಟ ಚೌಕಗಳಲ್ಲಿ ತೆರೆದುಕೊಂಡವು. ಬಳಗದ ಅಧ್ಯಕ್ಷೆ, ಕೆನಡಾದ ನರೆಗೂದಲಿನ ಹೆಂಗಸು, ನಿಯಮಗಳನ್ನು ಓದಿದಳು. ವಾರಿಜಾ ಇಸ್ತ್ರಿ ಮಾಡಿದ ಇಳಕಲ್ ಸೀರೆಯುಟ್ಟು ಬಂದಿದ್ದರು. ಇನೇಸಳ ಚೌಕದಲ್ಲಿ ಮೊದಲು ಬರೀ ಕತ್ತಲೆಯಿತ್ತು. ಆಮೇಲೆ ಆಕೆ ಕಾಣಿಸಿಕೊಂಡಳು. ಆಸ್ಪತ್ರೆಯ ಕೋಣೆ, ಬಿಳಿಯ ಗೋಡೆ, ಗಾಳಿಗೆ ಅಲುಗುವ ಕಿಟಕಿಯ ಬಟ್ಟೆ, ಇನ್ನಷ್ಟು ಇಳಿದ ಮುಖ.

“ಮೌನೇಶ್ವರಿ ಒಂದು ಹೇಳಿಕೆ ಓದ್ತಾರೆ,” ಎಂದರು ವಾರಿಜಾ.

ಮೌನೇಶ್ವರಿ ಕಾಗದ ಹಿಡಿದಳು. ವಾರಿಜಾರ ಇಂಗ್ಲಿಷನ್ನು ಕನ್ನಡ ಅಕ್ಷರಗಳಲ್ಲಿ ಬರೆದುಕೊಂಡಿದ್ದಳು. ತಾನು ಭಾರತೀಯಳೆಂದೂ, ತನ್ನ ದೇಶ ಅತಿಥಿಯನ್ನು ದೇವರೆಂದು ಕಾಣುತ್ತದೆಂದೂ ಓದಿದಳು. ಮುಂದಿನ ಸಾಲಿನಲ್ಲಿ ಯಂತ್ರದ ತಪ್ಪೆಂಬ ಮಾತಿತ್ತು. ಅದನ್ನು ಮನಸ್ಸಿನೊಳಗೆ ಓದಿಕೊಂಡಳು, ಮತ್ತೊಮ್ಮೆ ಓದಿಕೊಂಡಳು. ಎಲ್ಲರೂ ಕಾಯುತ್ತಿದ್ದರು. ಯಾರದೋ ಮನೆಯಲ್ಲಿ ನಾಯಿ ಬೊಗಳಿ ಸುಮ್ಮನಾಯಿತು.

“ಮಷೀನ್ ತಪ್ಪ ಹೇಳಿಲ್ರಿ,” ಎಂದಳು ಮೌನೇಶ್ವರಿ, ತನ್ನ ಮಾತಿನಲ್ಲೇ. ಬುಡದಲ್ಲಿ ಅಕ್ಷರಗಳು ಓಡತೊಡಗಿದವು. “ನಮ್ಮತ್ತಿ ಹಂಗ ಅಂದಾರ. ನಮ್ಮ ಕಡೆ ಯಾರ ಮ್ಯಾಲ ಜೀವ ಇರ್ತದೋ ಅವರಿಗಿ ಹಂಗ ಅಂತಾರ. ಕೂಸಿಗಿ ಅಂತಾರ, ಗೆಳತಿಗಿ ಅಂತಾರ. ಸಾವಿನ ಹೆಸರ ನಾವ ಮೊದಲ ತಗೊಂಡ್ರ ಅದು ಆ ಕಡೆ ಸುಳಿಯೂದಿಲ್ಲ ಅಂತ. ನನಗ ಮದುವಿಯಾದ ಮೊದಲನೇ ದಿನ ಅಂದಿದ್ರು. ನಾ ಅತ್ತಿದ್ದೆ.” ಅವಳು ಉಸಿರೆಳೆದುಕೊಂಡಳು. “ಮಾಫಿ ಕೇಳಿದ್ರ ಮಾತು ವಾಪಸ್ ಹೋಗ್ತದ ಅಂತಾರ ನಮ್ಮತ್ತಿ. ಅದಕ್ಕ ನಾನೂ ಕೇಳೂದಿಲ್ಲ. ಇನೇಸ್, ನಿನಗ ನೋವಾಗಿದ್ದಕ್ಕ ನನಗ ನೋವಾಗ್ಯದ. ಅದನ್ನ ಹೇಳ್ತೀನಿ.”

ವಾರಿಜಾರ ಮುಖ ಬಿಳಿಚಿತು. “ಇದು ಅವರ ಮನೆಯ ಮಾತು. ದಯವಿಟ್ಟು ಇದನ್ನು ಭಾರತದ್ದು ಅಂತ ಯಾರೂ ತಿಳೀಬೇಡಿ,” ಎಂದರು. ಅದೂ ಇಪ್ಪತ್ತು ಭಾಷೆಗಳಲ್ಲಿ ಮೂಡಿತು.

ಅಧ್ಯಕ್ಷೆ ಕನ್ನಡಕ ತೆಗೆದು ಒರೆಸಿಕೊಂಡಳು. ವಿವರಣೆಯನ್ನು ಗೌರವಿಸುತ್ತೇವೆ, ಆದರೆ ಯಾರೊಬ್ಬರ ಸಾವನ್ನು ಬಯಸುವ ಮಾತಿಗೆ ಈ ಬಳಗದಲ್ಲಿ ಎಡೆಯಿಲ್ಲ, ಅದರ ಹಿಂದಿನ ಭಾವ ಯಾವುದೇ ಇರಲಿ ಎಂದಳು. ಭಾರತದ ಚೌಕವನ್ನು ಬೇರೆಯವರಿಗೆ ವಹಿಸಲಾಗುವುದು. ಸದಸ್ಯತ್ವದ ಬಗ್ಗೆ ಇನೇಸ್ ಏನು ಹೇಳುತ್ತಾಳೋ ಕೇಳಬೇಕು.

ಇನೇಸಳ ತುಟಿಗಳು ಅಲುಗಿದವು. ಮೌನೇಶ್ವರಿಯ ಪರದೆಯ ಬುಡದಲ್ಲಿ ಕನ್ನಡ ಮೂಡಿತು: ‘ನಾಳೆ ಬೆಳಿಗ್ಗೆ ನನಗೆ ಶಸ್ತ್ರಚಿಕಿತ್ಸೆ. ನಾನು ಹೆದರಬೇಕೇ ಎಂದು ಆ ವೃದ್ಧೆಯನ್ನೇ ಕೇಳಬೇಕು.’

“ಅತ್ತಿ,” ಎಂದು ಮೌನೇಶ್ವರಿ ಅಂಚಿಗೆ ಹೋಗಿ ಕೂಗಿದಳು. “ಮ್ಯಾಲ ಬರ್ರಿ. ಆಕಿ ಕರಿಯಾಕತ್ತಾಳ.”

“ಬೇಡ ಮೌನೇಶ್ವರಿ,” ಎಂದರು ವಾರಿಜಾ. “ದಯವಿಟ್ಟು ಬೇಡ.”

ಸಾಯಬಮ್ಮ ಒಂದೊಂದು ಮೆಟ್ಟಿಲಿಗೂ ಮೊಣಕಾಲನ್ನು ಬೈಯುತ್ತ ಏಣಿ ಹತ್ತಿ ಬಂದಳು. ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಚಾಪೆಯ ಮೇಲೆ ಕುಳಿತು, ಮೊಬೈಲನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು.

“ಯಾವಾಕಿ?”

“ಇಕಿ. ನಾಳಿ ಆಪರೇಶನ್ ಅದ ಅಂತ. ಅಂಜಬೇಕೇನು ಅಂತ ನಿಮಗ ಕೇಳಾಕತ್ತಾಳ.”

ಮುದುಕಿ ಆ ಸಣ್ಣ ಚೌಕದೊಳಗಿನ ಮುಖವನ್ನು ಕಣ್ಣು ಕಿರಿದು ಮಾಡಿ ನೋಡಿದಳು. ಅಷ್ಟು ಮಂದಿ ನೋಡುತ್ತಿರುವರೆಂಬ ಪರಿವೆ ಅವಳಿಗಿದ್ದಂತೆ ಕಾಣಲಿಲ್ಲ.

“ನಿನ್ನ ಹೆಣಾ ಎತ್ಲಿ,” ಎಂದಳು ಮೆಲ್ಲಗೆ. “ನಿನ್ನ ಮನಿ ಮುಂದ ಹಲಗಿ ಬಾರಸ್ಲಿ. ನಿನ್ನ ಬಾಯಾಗ ಮಣ್ಣ ಬೀಳ್ಲಿ. ಯಾತಕ್ಕ ಅಂಜ್ತೀಯ, ಮೂಳಿ?”

ಸಾಲು ಸಾಲಾಗಿ ಅಕ್ಷರಗಳು ಮೂಡಿದವು. ಒಂದೂ ತಪ್ಪಿರಲಿಲ್ಲ. ಒಂದು ಚೌಕ ಆರಿತು, ಹಿಂದೆಯೇ ಇನ್ನೆರಡು. ವಾರಿಜಾ ಕಾಣಿಸಲಿಲ್ಲ. ನಿಮ್ಮ ಧ್ವನಿಯನ್ನು ಸಭೆಯು ನಿಲ್ಲಿಸಿದೆ ಎಂಬ ಸೂಚನೆ ಪರದೆಯ ಮೇಲೆ ಬಂದು ನಿಂತಿತು. ಬುಡದ ಅಕ್ಷರಗಳೂ ನಿಂತವು. ಓದಲು ಬಾರದ ಸಾಯಬಮ್ಮ ಮಾತು ನಿಲ್ಲಿಸಲಿಲ್ಲ.

“ಗಂಜಿ ಕುಡದೀಯೇನು? ಬಾಜೂಕ ಯಾರ ಅದಾರ ರಾತ್ರಿಗಿ? ಕಿಟಕಿ ಮುಚ್ಚಿಕೊಂಡ ಮಲಕ್ಕೊ, ಗಾಳಿ ಭಾಳ ಅದ ಕಾಣಸ್ತದ.”

ಅವಳ ಮಾತು ಆ ಕಡೆಗೆ ಕೇಳುತ್ತಿಲ್ಲವೆಂದು ಮೌನೇಶ್ವರಿ ಹೇಳಲಿಲ್ಲ. ಆಸ್ಪತ್ರೆಯ ಕೋಣೆಯಲ್ಲಿ ಇನೇಸ್ ಮುದುಕಿಯ ತುಟಿಗಳನ್ನೇ ನೋಡುತ್ತಿದ್ದಳು. ಆಮೇಲೆ ಎರಡೂ ಕೈಯೂರಿ ಎದ್ದು, ಕುರ್ಚಿಯನ್ನು ಮುಂದಕ್ಕೆಳೆದುಕೊಂಡು, ಇನ್ನಷ್ಟು ಹತ್ತಿರ ಬಂದು ಕುಳಿತಳು.