ಬಿಳಿ ಕೊಗ್ಗಿಯ ಮೂರನೇ ಬೇರು

ಕಾಮಣಿಯಾಗಿ ಕಣ್ಣು ಅರಿಶಿಣವಾದವರು ಮಸ್ಕಿ, ಲಿಂಗಸುಗೂರಿನಿಂದಲೂ ಮೊದಲ ಬಸ್ಸಿಗೆ ಜವಳಗೇರಾಕ್ಕೆ ಬಂದು ಆದಮ್ಮನ ಕಟ್ಟೆಯ ಮೇಲೆ ಕೂರುತ್ತಿದ್ದರು. ಮೂರು ಬೆಳಗು, ಮೂರು ಬೇರು, ಮಜ್ಜಿಗೆಯಲ್ಲಿ ಅರೆದು ಕುಡಿಸಿದರೆ ಮುಗಿಯಿತು. ಯಾವ ಬೇರೆಂದು ಕೇಳಿದವರಿಗೆ, "ನಿನಗ ಗುಣ ಬೇಕೋ, ಹೆಸರು ಬೇಕೋ?" ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಅದು ಬಿಳಿ ಹೂವಿನ ಕೊಗ್ಗಿ. ನೇರಳೆ ಹೂವಿನದು ದಾರಿಯುದ್ದಕ್ಕೂ ಸಿಗುತ್ತದೆ. ಬಿಳಿಯದು ಊರಾಚೆಯ ಗರಸು ಮರಡಿಯ ಮೇಲೆ, ಆ ಕಲ್ಲುದಿಬ್ಬದಲ್ಲಿ ಮಾತ್ರ, ಇಪ್ಪತ್ತೊಂದೇ ಗಿಡ. ಅತ್ತೆ ಕಲಿಸಿದ ಕಟ್ಟಳೆ ಬಿಗಿಯಾಗಿತ್ತು. ಒಂದು ಬೆಳಗಿಗೆ ಒಂದೇ ಬೇರು, ಅದೂ ಗಿಡದ ಒಂದು ಮಗ್ಗುಲಿನದು. ಕೊಯ್ದ ಮೇಲೆ ಮಣ್ಣು ಮುಚ್ಚಿ ಚೊಂಬಿನ ನೀರು ಹನಿಸಬೇಕು. ಬೀಜ ಮನೆಗೆ ತರಬಾರದು, ಅದು ಮರಡಿಯ ಸೊತ್ತು. ಮನೆ ಬಿಟ್ಟಾಗಿನಿಂದ ರೋಗಿ ಕುಡಿಯುವ ತನಕ ತುಟಿ ಬಿಚ್ಚಬಾರದು. ಬಿಚ್ಚಿದರೆ ಗುಣ ಗಾಳಿಗೆ ಹೋಗುತ್ತದೆ. ಈ ಮೌನದ ಸಂಗತಿಯನ್ನೂ ಯಾರಿಗೂ ಹೇಳುವಂತಿಲ್ಲ. ಅತ್ತೆ ಶಾಣ್ಯಾಕಿ, ಗಿಡ ಉಳಿಯುವ ದಾರಿಯನ್ನೆಲ್ಲ ಯೋಚಿಸಿಟ್ಟಿದ್ದಳು. ಕಾಲುವೆ ಬಂದು ಮರಡಿಗೂ ಬೆಲೆ ಬರುತ್ತದೆಂದು ಪಾಪ, ಅವಳಿಗೇನು ಕನಸು ಬಿದ್ದಿತ್ತೇ?

ಎಂಬತ್ತೇಳರ ಬೇಸಿಗೆಯಲ್ಲಿ ತಿಮ್ಮವ್ವ ತನ್ನ ಎಂಟು ವರ್ಷದ ಮಗಳು ಹುಲಿಗೆಮ್ಮನನ್ನು ಹೊತ್ತು ತಂದಳು. ಗಂಡ ಯಂಕೋಬ ಟ್ರ್ಯಾಕ್ಟರ್ ಡ್ರೈವರ್, ವಾರದಿಂದ ಹಗಲೂ ರಾತ್ರಿ ದುಡಿತ. ಸಿಂಧನೂರಿನ ಗುಳಿಗೆ ಹುಡುಗಿಯ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಮೊದಲ ದಿನದ ಬೇರಿಗೆ ವಾಂತಿ ನಿಂತಿತು. ಆದಮ್ಮನಿಗೆ ಜೀವ ಬಂದಂತಾಯಿತು.

ಎರಡನೇ ಬೆಳಗು ಅವಳು ಬೇರು ಕೊಯ್ದು ಸೆರಗಿಗೆ ಕಟ್ಟಿಕೊಳ್ಳುವಷ್ಟರಲ್ಲಿ ಟ್ರ್ಯಾಕ್ಟರೊಂದು ಮರಡಿ ಏರತೊಡಗಿತು. ಮೇಲೆ ಕೂತವನು ಯಂಕೋಬ. ಮರಡಿ ಕೊಂಡಿದ್ದ ಶಿವಶರಣಪ್ಪ ಅದನ್ನು ನೆಲ್ಲಿನ ಗದ್ದೆ ಮಾಡಲು ಹೊರಟಿದ್ದ. ಆದಮ್ಮ ಎರಡೂ ಕೈ ಚಾಚಿ ಅಡ್ಡ ನಿಂತಳು.

ಯಂಕೋಬ ಗಾಡಿ ನಿಲ್ಲಿಸಿದ. "ಏನಬೇ ಆದವ್ವ? ನಮ್ಮ ಕೂಸಿಗಿ ನೀನೇ ಔಷಧ ಕೊಡಾಕತ್ತೀಯಂತ. ನಿನ್ನ ಉಪಕಾರ ಹ್ಯಾಂಗ ತೀರಿಸ್ಲಿ?"

ಅವಳು ಗಿಡಗಳತ್ತ ಕೈ ಮಾಡಿದಳು. ಬೇಸಿಗೆಯ ಕೊಗ್ಗಿಗೆ ಎಲೆಯಿಲ್ಲ, ಹೂವಿಲ್ಲ, ಬರೀ ಒಣಕಡ್ಡಿ.

"ಕಟಿಗಿ ಬೇಕೇನು? ನಾನೇ ಕಿತ್ತು ತಂದು ನಿನ್ನ ಮನಿ ಮುಂದ ಹಾಕ್ತೀನಿ ಬಿಡು. ಮಧ್ಯಾಹ್ನದೊಳಗ ಬಯಲು ಮಾಡಂತ ಸಾಹುಕಾರ್ರು ಹೇಳ್ಯಾರ."

ಮಾತು ಗಂಟಲಿಗೆ ಬಂತು. ಆದರೆ ಸೆರಗಿನಲ್ಲಿದ್ದುದು ಅವನ ಮಗಳದೇ ಬೇರು. ಆಡಿದರೆ ಇಂದಿನದು ಹಾಳು, ಆಡದಿದ್ದರೆ ನಾಳಿನದು. ಇನ್ನೊಂದು ಬೇರು ಕೊಯ್ಯಲು ಕುಡುಗೋಲು ಎತ್ತಿದಳು. ಒಂದು ಬೆಳಗಿಗೆ ಒಂದೇ ಎಂಬುದು ನೆನಪಾಗಿ ಕೈ ಇಳಿಯಿತು. ಅವಳಿಗೆ ಅಳು ಬಂತು, ಅದನ್ನೂ ಸದ್ದಿಲ್ಲದೆ ಅತ್ತಳು. ಯಂಕೋಬ ಇಳಿದು ಬಂದು, "ಬಿಸಲೇರತದ, ಮನಿಗಿ ನಡಿಯವ್ವ" ಎಂದು ಭುಜ ಹಿಡಿದು ಮೆಲ್ಲಗೆ ಬದಿಗೆ ಸರಿಸಿದ.

ಆದಮ್ಮ ಬಿದ್ದಂಬೀಳ ಮನೆಗೆ ಬಂದು ಬೇರು ಅರೆದು ಹುಡುಗಿಗೆ ಕುಡಿಸಿದಳು. ಆಮೇಲೆ, "ಯಂಕೋಬಾ, ನಿಂದರಸೋ" ಎಂದು ದಾರಿಯುದ್ದಕ್ಕೂ ಕೂಗುತ್ತ ಓಡಿದಳು. ಮರಡಿ ರೊಟ್ಟಿ ತಟ್ಟಿದ ಹಾಗೆ ಸಪಾಟಾಗಿತ್ತು. ಯಂಕೋಬ ಮುಕ್ಕುಂದದ ಕೆಲಸಕ್ಕೆ ಹೋಗಿದ್ದ.

ಹೊತ್ತು ಮುಳುಗುವಾಗ ಮನೆ ಮುಂದೆ ಒಂದು ಹೊರೆ ಬಿದ್ದಿತ್ತು. ಎಣಿಸಿದಳು, ಇಪ್ಪತ್ತೊಂದು. ದಿನವಿಡೀ ಬಿಸಿಲು ಕುಡಿದ ಬೇರುಗಳು ಹಗ್ಗದಂತಾಗಿದ್ದವು. ಆದರೂ ಎಲ್ಲವನ್ನೂ ಹಿತ್ತಲಲ್ಲಿ ನೆಟ್ಟು ನೀರು ಹುಯ್ದಳು. ಬೆಳಗ್ಗೆ ಒಂದೊಂದನ್ನೇ ಕಿತ್ತು ಉಗುರಿನಿಂದ ಗೀರಿ ನೋಡಿದಳು. ಎಲ್ಲೂ ಹಸಿರಿರಲಿಲ್ಲ.

ಯಂಕೋಬ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಗುತ್ತ ಬಂದ. "ಗಂಜಿ ಉಂಡಾಳಬೇ ನಿನ್ನೆ. ಇವತ್ತಿಗಿ ಮುಗೀತಲ್ಲ?"

ಸತ್ತ ಬೇರನ್ನು ಔಷಧವೆಂದು ಕೊಡಲು ಆದಮ್ಮನಿಗೆ ಮನಸ್ಸಾಗಲಿಲ್ಲ. "ಈಗಿಂದೀಗ ರಾಯಚೂರು ದವಾಖಾನಿಗಿ ಕರಕೊಂಡು ಹೋಗಪ್ಪ. ನನ್ನ ಹಂತ್ಯಾಕ ಏನೂ ಉಳದಿಲ್ಲ."

"ಯಾಕಬೇ?"

ಅವಳು ಹಿತ್ತಲಿನ ಕಡ್ಡಿಗಳತ್ತ ಕೈ ಮಾಡಿದಳು, ನಿನ್ನೆ ಮಾಡಿದ ಹಾಗೆಯೇ. ಬೇರಿನ ಮೇಲೆ ಕುಡುಗೋಲಿನ ಹಳೆಯ ಗಾಯಗಳು, ಪ್ರತಿ ಗಿಡಕ್ಕೂ ಒಂದೇ ಮಗ್ಗುಲಿಗೆ. ಯಂಕೋಬ ಬಗ್ಗಿ ಒಂದು ಗಾಯವನ್ನು ಮುಟ್ಟಿ ನೋಡಿದ. ಆಮೇಲೆ ಮಗಳನ್ನು ಹೆಗಲಿನಿಂದ ಇಳಿಸಿ ಎದೆಗವುಚಿಕೊಂಡ.

"ನಿನ್ನೆ ಒಂದು ಮಾತು ಹೇಳಬಾರದಿತ್ತೇನಬೇ" ಎಂದ.